ಗೋದಲಿ ಕಟ್ಟುವಾಗ ಮಗ ಕೇಳಿದ್ದು

ಪ್ರಶ್ನೆ: ಡಿಗ್ರಿ ಓದುವ ಮಗ ಕ್ರಿಸ್‌ಮಸ್ಸಿಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ಕಟ್ಟುವಾಗ ಕೇಳಿದ: ‘ಮತ್ತಾಯನ ಪ್ರಕಾರ ಮಗು ಯೇಸುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೋದರು. ಲೂಕನ ಪ್ರಕಾರ ಜೆರುಸಲೇಮಿನ ದೇವಾಲಯಕ್ಕೆ ಹೋಗಿ ನಜರೇತಿಗೆ ಮರಳಿದರು. ಯಾವುದಮ್ಮ ಸುಳ್ಳು?’ ಪ್ರಾರ್ಥನಾ ಕೂಟದಲ್ಲಿ ವಿಚಾರಿಸಿದರೆ, ಅವನಿಗೆ ಸಂಶಯದ ಆತ್ಮ ಹಿಡಿದಿದೆ, ಉಪವಾಸ ಮಾಡಿಸಿ ಅಂದರು. ಏನು ಮಾಡಲಿ? (ತಾಯಿ, ಕುಲಶೇಖರ)

ಉತ್ತರ: ಮೊದಲು ಅವನಿಗೆ ಊಟ ಬಡಿಸಿ. ಎರಡು ಶುಭಸಂದೇಶಗಳನ್ನು, ಅಂದರೆ ಮತ್ತಾಯ, ಲೂಕ ಬರೆದ ಯೇಸುವಿನ ಕಥೆಗಳನ್ನು, ಅಕ್ಕಪಕ್ಕ ಇಟ್ಟು ಓದಿದ ಹುಡುಗನಿಗೆ ಉಪವಾಸ ಯಾಕೆ? ಆ ಕೂಟದಲ್ಲಿ ಹಾಗೆ ಓದಿದವರು ಎಷ್ಟು ಜನ ಇದ್ದಾರೆ, ಕೇಳಿ ನೋಡಿ.

ಗೊಂದಲಕ್ಕೆ ನಮ್ಮ ಗೋದಲಿಯೂ ಕಾರಣ. ಕುರುಬರು ಲೂಕನಲ್ಲಿ ಮಾತ್ರ, ಮಗುವನ್ನು ನೋಡಲು ಮೂಡಣದಿಂದ ಬಂದ ಜ್ಞಾನಿಗಳು (ಜನ ಮೂವರು ರಾಜರು ಅನ್ನುವವರು) ಮತ್ತಾಯನಲ್ಲಿ ಮಾತ್ರ. ನಾವು ಎಲ್ಲರನ್ನೂ ಒಂದೇ ಬೈಹುಲ್ಲಿನ ಮೇಲೆ, ಒಂದೇ ಸೀರಿಯಲ್ ಸೆಟ್ಟಿನ ಕೆಳಗೆ ನಿಲ್ಲಿಸುತ್ತೇವೆ. ಮತ್ತಾಯನ ಜ್ಞಾನಿಗಳು ಬಂದದ್ದು ಮನೆಗೆ. ಈ ಮಗುವನ್ನು ಮುಗಿಸಲು ರಾಜ ಹೆರೋದ ಕೊಲ್ಲಿಸಿದ್ದು ಎರಡು ವರ್ಷದೊಳಗಿನ ಗಂಡುಮಕ್ಕಳನ್ನು. ದೇವಾಲಯದ ಭೇಟಿ ಮಗು ಹುಟ್ಟಿದ 40 ದಿನಕ್ಕೆ. ಹಾಗಾಗಿ ದೇವಾಲಯ ಮೊದಲು, ಈಜಿಪ್ಟ್ ಆಮೇಲೆ ಅನ್ನಬಹುದು. ನನ್ನ ಅಮ್ಮ ಜ್ಞಾನಿಗಳನ್ನು ಕಪಾಟಿನ ಮೇಲಿಟ್ಟು ದಿನಕ್ಕೊಂದು ಗೇಣು ಮುಂದೆ ಸರಿಸುತ್ತಿದ್ದರು. ಬೈಹುಲ್ಲು ಮುಟ್ಟುವುದು ಜನವರಿ 6ಕ್ಕೆ. ಒಂಟೆಗೆ ಒಂದು ಕಾಲಿರಲಿಲ್ಲ, ಬೆಂಕಿಪೊಟ್ಟಣ ಆನಿಸಿ ನಿಲ್ಲಿಸುವುದು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅನ್ನುವವರು ಜಾಸ್ತಿ. ಹೋಗುವುದಿಲ್ಲ. ಲೂಕನಿಗೆ ನಜರೇತ್ ಅವರ ಸ್ವಂತ ಊರು, ದೇವಾಲಯದ ಕೆಲಸ ಮುಗಿದ ಮೇಲೆ ಅಲ್ಲಿಗೇ ಮರಳುತ್ತಾರೆ. ಮತ್ತಾಯನನ್ನು ಓದಿದರೆ ಅದು ಹೊಸ ಊರಿನಂತೆ ಕಾಣುತ್ತದೆ. ಹೆರೋದನ ಮಗನಿಗೆ ಹೆದರಿ ಅಲ್ಲಿ ಹೋಗಿ ನೆಲೆಸುತ್ತಾರೆ. ಜನಗಣತಿಯದ್ದು ಇನ್ನೂ ಕಷ್ಟ. ರೋಮಿನ ರಾಜ್ಯಪಾಲ ಕುರೇನ್ಯನ ಜನಗಣತಿಗೆ ಬೇತ್ಲೆಹೇಮಿಗೆ ಹೋದಾಗ ಮಗು ಹುಟ್ಟಿತು ಅನ್ನುತ್ತಾನೆ ಲೂಕ. ಮತ್ತಾಯನಲ್ಲಿ ಆಗ ಹೆರೋದ ಬದುಕಿದ್ದಾನೆ. ಹೆಚ್ಚಿನ ವಿದ್ವಾಂಸರ ಲೆಕ್ಕದಲ್ಲಿ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಕುರೇನ್ಯನ ಜನಗಣತಿ ಕ್ರಿ.ಶ. 6ರಲ್ಲಿ. ಈ ಗಂಟು ನನಗಂತೂ ಬಿಚ್ಚಲು ಬಂದಿಲ್ಲ. ಹತ್ತು ನಿಮಿಷದಲ್ಲಿ ಬಿಚ್ಚಿ ತೋರಿಸುವ ಯೂಟ್ಯೂಬ್ ಬ್ರದರ್‌ಗಳನ್ನು ನಂಬಬೇಡಿ.

ಬೈಬಲ್‌ನ ನಾಲ್ಕು ಶುಭಸಂದೇಶಗಳನ್ನೂ ಕಲಸಿ ಒಂದೇ ಕಥೆ ಮಾಡುವ ಆಸೆ ಹಳೆಯದು. ಸುಮಾರು 170ರಲ್ಲಿ ತಾತಿಯಾನ ಎಂಬ ಕ್ರೈಸ್ತ ಲೇಖಕ ಮಾಡಿಯೂ ಬಿಟ್ಟ. ಸಿರಿಯಾದ ಚರ್ಚುಗಳಲ್ಲಿ ಬಹುಕಾಲ ಅದನ್ನೇ ಓದುತ್ತಿದ್ದರು. ಐದನೇ ಶತಮಾನದಲ್ಲಿ ತೆಯೊದೊರೆತ್ ಎಂಬ ಬಿಷಪ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕು ಶುಭಸಂದೇಶಗಳನ್ನೇ ಇಡಿಸಿದ. ವ್ಯತ್ಯಾಸ ಆಗಿನವರಿಗೆ ಕಾಣಲಿಲ್ಲ ಅಂದುಕೊಂಡಿರಾ? ಗೊತ್ತಿದ್ದೇ ಇಟ್ಟುಕೊಂಡರು.

ಬೇತ್ಲೆಹೇಮ್, ಕನ್ಯೆ ಮರಿಯಮ್ಮ, ನಜರೇತ್: ಇದರಲ್ಲಿ ಇಬ್ಬರಿಗೂ ತಕರಾರಿಲ್ಲ. ಮತ್ತಾಯನ ಮನಸ್ಸಿನಲ್ಲಿ, ಈಜಿಪ್ಟಿನ ರಾಜ ಗಂಡುಮಕ್ಕಳನ್ನು ಕೊಲ್ಲಿಸಿದಾಗ ಉಳಿದುಕೊಂಡ ಮೋಶೆ ಇದ್ದಾನೆ, ಅದಕ್ಕೇ ಮಕ್ಕಳನ್ನು ಕೊಲ್ಲಿಸುವ ರಾಜ, ಈಜಿಪ್ಟ್. ಲೂಕನ ಕಣ್ಣು ಬಡವರ ಮೇಲೆ. ಕುರಿಮರಿ ಕೊಳ್ಳಲು ಗತಿಯಿಲ್ಲದವರು ಅರ್ಪಿಸುವ ಹಕ್ಕಿಜೋಡಿಯನ್ನು ಅವನು ಮರೆಯದೆ ಬರೆದಿದ್ದಾನೆ. ನಾನು 30 ವರ್ಷ ಬೈಬಲ್ ಪಾಠ ಮಾಡಿದವನು. ಜನಗಣತಿಯ ಗಂಟು ಹಾಗೇ ಇದೆ, ಭಾನುವಾರದ ಪೂಜೆ ತಪ್ಪಿಸಿಲ್ಲ. ಮಗನನ್ನು ಒಮ್ಮೆ ಕಳಿಸಿಕೊಡಿ, ಸಾವಕಾಶ ಕೂತು ಓದೋಣ.

ಪ್ರಶ್ನೆ: ನೋಹನ ನಾವೆಗೆ ಪ್ರಾಣಿಗಳು ಹೋದದ್ದು ಎರಡೆರಡಾ, ಏಳೇಳಾ? (ಕಾಪು)

ಉತ್ತರ: ಎರಡೂ ಬರೆದಿದೆ. ಆದಿಕಾಂಡ 6 ಮುಗಿಸಿ, 7ರಲ್ಲಿ ಎರಡೇ ವಚನ ಓದಿ. ಆಮೇಲೆ ಪತ್ರ ಬರೆಯಿರಿ.

ಪ್ರಶ್ನೆ: ಮೂವರು ರಾಜರ ಹೆಸರು ಬೈಬಲ್‌ನಲ್ಲಿ ಎಲ್ಲಿದೆ? (ಉಳ್ಳಾಲ)

ಉತ್ತರ: ಎಲ್ಲೂ ಇಲ್ಲ. ಮೂವರು ಅಂತಲೂ ಇಲ್ಲ, ರಾಜರು ಅಂತಲೂ ಇಲ್ಲ.

ಪ್ರಶ್ನೆ: ಬೈಬಲ್‌ನ ಗುಪ್ತ ಸಂಖ್ಯೆ ಕಲಿಸುವ ಕೋರ್ಸಿಗೆ 3,000 ರೂಪಾಯಿ ಕೇಳುತ್ತಿದ್ದಾರೆ. ಸಂಶಯವೆಲ್ಲ ಹೋಗುತ್ತದಂತೆ. ಸೇರಲಾ? (ಬ್ರಹ್ಮಾವರ)

ಉತ್ತರ: ಮಲ್ಪೆಗೆ ಹೋಗಿ ಆ ದುಡ್ಡಿಗೆ ಅಂಜಲ್ ಮೀನು ತನ್ನಿ ಮಾರಾಯ್ರೆ.