ಹಾರ್ಟ್ ಆಪರೇಷನ್ ಆದ ಮಗಳು ಥ್ರೋಬಾಲ್ ಆಡಬಹುದಾ?

ಪ್ರಶ್ನೆ: ಮಗಳಿಗೆ 13 ವರ್ಷ. ಹಾರ್ಟ್‌ನಲ್ಲಿ ತೂತಿತ್ತು, 4ನೇ ವಯಸ್ಸಿನಲ್ಲಿ ಆಪರೇಷನ್ ಮಾಡಿ ಮುಚ್ಚಿದರು. ಈಗ ಮಾತ್ರೆ ಇಲ್ಲ, ಎಕೋ (ಹಾರ್ಟ್ ಸ್ಕ್ಯಾನ್) ನಾರ್ಮಲ್. ಆದರೂ ಪಿ.ಟಿ. ಮೇಷ್ಟ್ರು ಆಟಕ್ಕೆ ಸೇರಿಸುವುದಿಲ್ಲ. ನಮ್ಮ ಅತ್ತೆಗೂ ಭಯ. ಎದೆಯ ಗುರುತು ಕಾಣುತ್ತದೆ ಅಂತ ಮಗಳು ಸ್ಪೋರ್ಟ್ಸ್ ಟೀ ಶರ್ಟ್ ಹಾಕುವುದಿಲ್ಲ. ಏನು ಮಾಡಲಿ?

ಮಕ್ಕಳ ಹೃದ್ರೋಗ ತಜ್ಞರ ಉತ್ತರ: ತೂತು ಪೂರ್ತಿ ಮುಚ್ಚಿದ್ದು, ಶ್ವಾಸಕೋಶದ ರಕ್ತದ ಒತ್ತಡ, ಹಾರ್ಟ್ ಬಡಿತ ಸರಿ ಇದ್ದರೆ ಥ್ರೋಬಾಲ್, ಓಟ, ಈಜು ಯಾವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತು ಇವಳಿಗೂ ಸೇರಿದ್ದೇ.

ಇಂಥ ಮಕ್ಕಳು ಬಂದಾಗ "ಪಿ.ಟಿ. ಪೀರಿಯಡ್‌ನಲ್ಲಿ ಏನ್ ಮಾಡ್ತೀಯ?" ಅಂತ ಕೇಳುತ್ತೇನೆ. "ಬ್ಯಾಗ್ ಕಾಯ್ತೀನಿ", "ಸ್ಕೋರ್ ಬರೀತೀನಿ" ಅನ್ನುತ್ತಾರೆ. ಒಬ್ಬ ಹುಡುಗಿಗೆ ಗೆಳತಿಯರಲ್ಲಿ ಯಾರ ವಾಟರ್ ಬಾಟಲ್ ಯಾವ ಬಣ್ಣ ಅಂತ ಬಾಯಿಪಾಠ ಆಗಿತ್ತು. ಮೂರು ವರ್ಷ ಅವನ್ನೇ ಕಾದಿದ್ದಳು. ಟ್ರೆಡ್‌ಮಿಲ್ ಮೇಲೆ ಓಡಿಸಿದೆವು, ಬೇಗ ಸುಸ್ತಾದಳು. ಹಾರ್ಟ್ ಚೆನ್ನಾಗಿಯೇ ಇತ್ತು, ಓಡಿ ಅಭ್ಯಾಸ ಇರಲಿಲ್ಲ ಅಷ್ಟೇ. ಮನೆಯವರು ಮಾತ್ರ ಆ ಸುಸ್ತು ನೋಡಿ "ನೋಡಿ, ಆಗಲ್ಲ" ಅಂದರು.

ಮೇಷ್ಟ್ರನ್ನು ಬೈಯಬೇಡಿ. ಮಗು ಬಿದ್ದರೆ ಯಾರು ಹೊಣೆ ಅನ್ನೋ ಭಯ ಅವರಿಗೂ ಇರುತ್ತದೆ ಅಲ್ವಾ? ನಾವು ಡಾಕ್ಟರುಗಳೂ "ಜಾಸ್ತಿ ಆಯಾಸ ಬೇಡ" ಅಂತ ಒಂದು ಸಾಲು ಗೀಚಿ ಕಳಿಸುತ್ತೇವೆ, ಅದು ನಮ್ಮ ತಪ್ಪು. ಯಾವ ಆಟ ಆಡಬಹುದು, ಯಾವಾಗ ನಿಲ್ಲಿಸಬೇಕು ಅಂತ ಬಿಡಿಸಿ ಬರೆದ ಪತ್ರ ಕೇಳಿ ಪಡೆಯಿರಿ. ನೀವೇ ಹೋಗಿ ಮೇಷ್ಟ್ರ ಕೈಗೆ ಕೊಡಿ. ಆಡುವಾಗ ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಎದೆ ವಿಪರೀತ ಹೊಡೆದುಕೊಂಡರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು ಅನ್ನುವುದೂ ಅದರಲ್ಲಿರಲಿ.

ಬೇರೆ ಓದುಗರು ಗಮನಿಸಿ, ಎಲ್ಲ ಹಾರ್ಟ್ ತೊಂದರೆಗೂ ಇದೇ ಉತ್ತರ ಅಲ್ಲ. ಹಾರ್ಟ್ ಸ್ನಾಯು ದಪ್ಪಗಾಗಿದ್ದರೆ, ಕವಾಟ ತುಂಬಾ ಕಿರಿದಾಗಿದ್ದರೆ ಪರೀಕ್ಷೆ ಮಾಡಿಯೇ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಕಬಡ್ಡಿಯಂಥ ಮೈಮೇಲೆ ಬೀಳುವ ಆಟ ಬೇಡ.

ಅತ್ತೆಯವರ ಭಯದ ಹಿಂದೆ "ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ?" ಅನ್ನುವುದೂ ಇರಬಹುದು. ಹೆಣ್ಣುಮಕ್ಕಳ ಮನೆಯವರಿಂದ ಇದನ್ನು ತುಂಬಾ ಸಲ ಕೇಳಿದ್ದೇನೆ, ಪ್ರತಿ ಸಲ ಸಂಕಟವಾಗುತ್ತದೆ. ಮನೆಯವರೇ ಮುಚ್ಚಿಟ್ಟರೆ, ಆ ಗುರುತು ನಾಚಿಕೆಯದ್ದು ಅಂತ ಮಗಳು ಕಲಿಯುತ್ತಾಳೆ. ಅತ್ತೆಯವರನ್ನೂ ಚೆಕಪ್‌ಗೆ ಕರೆದುಕೊಂಡು ಹೋಗಿ. ಮುಚ್ಚಿದ ಜಾಗವನ್ನು ಎಕೋ ಪರದೆಯ ಮೇಲೆ ಅವರೇ ನೋಡಲಿ. ಮಗಳಿಗೆ ಅಮೆರಿಕದ ಶಾನ್ ವೈಟ್ ಬಗ್ಗೆ ಹೇಳಿ. ಇದಕ್ಕಿಂತ ದೊಡ್ಡ ಹಾರ್ಟ್ ತೊಂದರೆಯೊಂದಿಗೆ ಹುಟ್ಟಿದ ಅವರು, ಹಿಮದ ಮೇಲೆ ಹಲಗೆಯಲ್ಲಿ ಜಾರುವ ಆಟವಾದ ಸ್ನೋಬೋರ್ಡ್‌ನಲ್ಲಿ 2006, 2010, 2018ರ ಒಲಿಂಪಿಕ್ಸ್ ಚಿನ್ನ ಗೆದ್ದರು.

ಟೀ ಶರ್ಟ್‌ಗೆ ಬಲವಂತ ಬೇಡ. ಕುತ್ತಿಗೆವರೆಗೆ ಮುಚ್ಚುವ ಬಟ್ಟೆಗೆ ಸ್ಕೂಲಿನಲ್ಲಿ ಒಪ್ಪಿಗೆ ಕೇಳಿ. ಯಾರಾದರೂ "ಏನದು?" ಅಂದರೆ ಏನು ಹೇಳಬೇಕು ಅಂತ ಅವಳೇ ಯೋಚಿಸಿಟ್ಟುಕೊಳ್ಳಲಿ. ಸದ್ಯಕ್ಕೆ ಸಂಜೆ ಮನೆ ಹತ್ತಿರ ಒಬ್ಬ ಗೆಳತಿ ಜೊತೆ 15 ನಿಮಿಷ ಬಾಲ್ ಎಸೆದಾಡಲಿ. ಆಡುತ್ತಾ ಮಾತಾಡಲು ಆಗುತ್ತಿದ್ದರೆ ಹದ ಸರಿಯಿದೆ. ದಣಿದರೆ ಕೂರಲಿ. ಮತ್ತೆ ಯಾವಾಗ ಏಳಬೇಕು ಅನ್ನುವುದನ್ನು ಅವಳಿಗೇ ಬಿಡಿ.