ಅಂಗೈ ಒಲೆಯ ಲೆಕ್ಕ

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಡಿಸೆಂಬರಿನಲ್ಲಿ ಗೆಳೆಯರ ಜೊತೆ ಕುಮಾರಪರ್ವತ ಹತ್ತಬೇಕೆಂದಿದ್ದೇನೆ. ಗ್ಯಾಸ್ ಸ್ಟೌ ಹೊರುವುದು ಭಾರ ಎಂದು ಕೂಲ್‌ಡ್ರಿಂಕ್ ಕ್ಯಾನಿನ ತಳ ಕತ್ತರಿಸಿ ಪುಟ್ಟ ಒಲೆ ಮಾಡಿಕೊಂಡೆ. ಹೆಕ್ಸಮೈನ್ ಎಂಬ ಘನ ಇಂಧನದ ಬಿಲ್ಲೆ ಇಟ್ಟು ಹಚ್ಚಿದರೆ ಪಾತ್ರೆಯ ತಳಕ್ಕೆಲ್ಲ ಕಂದು ಅಂಟು, ನೀರು ಮಾತ್ರ ಕುದಿಯುವುದೇ ಇಲ್ಲ. ಬಿಲ್ಲೆಯ ಬದಲು ಕರ್ಪೂರ ಹಾಕಬಹುದೇ?
– ಓದುಗ, ಹಾಸನ

ಉತ್ತರ: ಕ್ಯಾನಿನ ತಳ ಒಳ್ಳೆಯ ಆಯ್ಕೆ. ಅದರ ಗುಳಿ ಮೇಲೆ ಬರುವಂತೆ ಮಗುಚಿಟ್ಟರೆ ಬಿಲ್ಲೆ ಕೂರಲು ತಟ್ಟೆ ಸಿದ್ಧವಾಗಿಯೇ ಸಿಗುತ್ತದೆ. ನನಗೆ ಅನುಮಾನ ಇರುವುದು ಬಿಲ್ಲೆಗೂ ಪಾತ್ರೆಗೂ ನಡುವಿನ ಅಂತರದ ಮೇಲೆ. ನನ್ನ ಮೊದಲ ಒಲೆಯಲ್ಲಿ ಆ ಅಂತರ ಒಂದು ಸೆಂಟಿಮೀಟರೂ ಇರಲಿಲ್ಲ. ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ತಳಕ್ಕೆ ಬಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ಉರಿಯದೆ ಉಳಿದದ್ದು ಅಂಟಾಗಿ ಮೆತ್ತಿಕೊಳ್ಳುತ್ತಿತ್ತು, ಕೆಟ್ಟ ಮೀನಿನಂಥ ವಾಸನೆ ಬೇರೆ. ಪಾತ್ರೆಯನ್ನು ಎತ್ತರಿಸಿದ ದಿನವೇ ಅದೇ ಬಿಲ್ಲೆ ನೀಲಿ ಬಣ್ಣದಲ್ಲಿ ಉರಿಯಿತು.

ಹೀಗೆ ಮಾಡಿ ನೋಡಿ. ಕ್ಯಾನಿನ ತಳವನ್ನು ಒಂದೂವರೆ ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ. ಬೆರಳು ಕೊಯ್ಯುವುದು ಅಲ್ಲೇ. ಹಾರ್ಡ್‌ವೇರ್ ಅಂಗಡಿಯಿಂದ ದೊಡ್ಡ ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ತಂದು, ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಬಳೆಯಾಗಿ ಬಾಗಿಸಿ ತಳದ ಸುತ್ತ ನಿಲ್ಲಿಸಿ. ಆಗ ಬಿಲ್ಲೆಯ ನೆತ್ತಿಯಿಂದ ಪಾತ್ರೆಗೆ ಎರಡೂವರೆಯಿಂದ ಮೂರು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಅಗ್ಗ ಅಂತ ಸತು ಲೇಪಿಸಿದ ಜಾಲರಿ ತರಬೇಡಿ, ಕಾದಾಗ ಅದರ ಹೊಗೆ ಒಳ್ಳೆಯದಲ್ಲ. ನನ್ನ ಒಲೆ, ಜಾಲರಿ ಎರಡೂ ಸೇರಿ ಅಡುಗೆಮನೆಯ ತಕ್ಕಡಿಯಲ್ಲಿ 22 ಗ್ರಾಂ ತೂಗಿದವು.

ಇನ್ನು ಗಾಳಿ. ಹೋಟೆಲ್ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಬಿಡಿಸಿ, ಪಾತ್ರೆಯಿಂದ ಒಂದು ಬೆರಳು ದೂರದಲ್ಲಿ ಸುತ್ತ ಮರೆ ಕಟ್ಟಿ. ಕೆಳಗೆ ಗಾಳಿಯಾಡಲು ತೂತು ಇರಲಿ. ಪಾತ್ರೆ ಅಗಲ ತಳದ್ದಾಗಲಿ, ಮುಚ್ಚಳ ಮರೆಯಬೇಡಿ.

ಆಮೇಲೆ ಲೆಕ್ಕ, ಇದನ್ನು ಬಹಳ ಜನ ಹಾಕುವುದೇ ಇಲ್ಲ. 1936ರಲ್ಲಿ ಜರ್ಮನಿಯ ಎರಿಕ್ ಶುಮ್ ಶುರು ಮಾಡಿದ ಎಸ್ಬಿಟ್ ಬ್ರ್ಯಾಂಡಿನ ಹೆಕ್ಸಮೈನ್ ಬಿಲ್ಲೆಗಳು ಈಗ 4 ಗ್ರಾಂ, 14 ಗ್ರಾಂ ತೂಕದಲ್ಲಿ ಸಿಗುತ್ತವೆ. ಒಂದು ಗ್ರಾಂ ಹೆಕ್ಸಮೈನ್ ಉರಿದರೆ ಸುಮಾರು 30 ಕಿಲೋಜೂಲ್ ಶಾಖ. ಅರ್ಧಕ್ಕಿಂತ ಹೆಚ್ಚು ಗಾಳಿಯ ಪಾಲು. ಕಾಲು ಲೀಟರ್ ನೀರು 20 ಡಿಗ್ರಿಯಿಂದ ಕುದಿಯಲು ಸುಮಾರು 84 ಕಿಲೋಜೂಲ್ ಬೇಕು. ಹಾಗಾಗಿ 4 ಗ್ರಾಮಿನ ಒಂದೇ ಬಿಲ್ಲೆ ಸಾಲದು, ಎರಡು ಬೇಕು. ನೀವು ಒಂದನ್ನೇ ಇಟ್ಟಿದ್ದರೆ ಒಲೆಯನ್ನು ಬೈದು ಫಲವಿಲ್ಲ.

ಕರ್ಪೂರ ಬೇಡ. ಅದರ ಅಣುವಿನಲ್ಲಿ ಇಂಗಾಲಕ್ಕೆ ಇಂಗಾಲ ಕೊಂಡಿಯಾಗಿ ಹೆಣೆದುಕೊಂಡಿದೆ, ಅದಕ್ಕೇ ಅಷ್ಟು ಮಸಿ. ಮಂಗಳಾರತಿ ತಟ್ಟೆ ನೋಡಿದವರಿಗೆ ಹೇಳಬೇಕಿಲ್ಲ. ಹೆಕ್ಸಮೈನಿನಲ್ಲಿ ಪ್ರತಿ ಇಂಗಾಲವೂ ಸಾರಜನಕದ ಕೈಹಿಡಿದಿದೆ, ಇಂಗಾಲ-ಇಂಗಾಲದ ಕೊಂಡಿ ಒಂದೂ ಇಲ್ಲ. ಹೊಗೆಯಿಲ್ಲದೆ ಉರಿಯುವುದರ ಗುಟ್ಟು ಅದು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ನನಗೆ ಈ ಅಣುವಿನ ಚಿತ್ರ ಬರೆಯುವುದೆಂದರೆ ಇವತ್ತಿಗೂ ಖುಷಿ. ಹೊಗೆ ಕಾಣದಿದ್ದರೂ ಆವಿ ವಿಷ. ಟೆಂಟಿನೊಳಗೆ ಖಂಡಿತ ಹಚ್ಚಬೇಡಿ. ಬಿಸಿಲಲ್ಲಿ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ, ಆರಿದೆ ಎಂದು ಕೈ ಹಾಕಬೇಡಿ. ಬಿಲ್ಲೆ ಪೆಪ್ಪರ್‌ಮಿಂಟಿನ ಹಾಗಿರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಎತ್ತರದಲ್ಲಿಡಿ.

ಆದರೆ ಕುಮಾರಪರ್ವತದಲ್ಲಿ ಈ ಒಲೆ ಹಚ್ಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಪುಷ್ಪಗಿರಿ ವನ್ಯಧಾಮ. ವನ್ಯಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಮಾಡುವುದನ್ನು 1972ರ ವನ್ಯಜೀವಿ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಮಳೆ ಹೋದ ಮೇಲೆ ಒಣಗಿ ನಿಂತ ಆ ಬೋಳುಗುಡ್ಡದ ಹುಲ್ಲಿಗೆ ನಾಲ್ಕು ಗ್ರಾಂ ಬೆಂಕಿ ಧಾರಾಳವಾಯಿತು. ಫ್ಲಾಸ್ಕಿನಲ್ಲಿ ಚಹಾ ಒಯ್ಯಿರಿ. ಒಲೆಯನ್ನು ಮನೆಯ ತಾರಸಿಯಲ್ಲಿ, ಬೆಂಕಿಗೆ ಅನುಮತಿ ಇರುವ ಶಿಬಿರಗಳಲ್ಲಿ ಹಚ್ಚಿ.

ಪ್ರಶ್ನೆ: ಉತ್ತರಾಖಂಡದ ಚಾರಣಕ್ಕೆ ಹೊರಟಿದ್ದೇವೆ. ಬಿಲ್ಲೆಗಳನ್ನು ಲಗೇಜಿನಲ್ಲಿ ಒಯ್ಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಚೆಕ್-ಇನ್ ಬ್ಯಾಗಿಗೂ ಇಲ್ಲ. ರೈಲಿನಲ್ಲೂ ಬೆಂಕಿ ಹೊತ್ತುವ ವಸ್ತು ಒಯ್ಯುವುದು ಅಪರಾಧ; ನೂರಾರು ಜನ ಮಲಗಿರುವ ಬೋಗಿ ಅದು. ಇಂಧನವನ್ನು ಅಲ್ಲಿಗೆ ತಲುಪಿದ ಮೇಲೆ ಹೊಂದಿಸಿಕೊಳ್ಳಿ. ನಿಮ್ಮ ತಂಡದ ಗೈಡ್‌ಗೆ ಮೊದಲೇ ಫೋನ್ ಮಾಡಿ ಕೇಳಿ. ಒಲೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು ಒಯ್ಯಿರಿ. ಹೆಕ್ಸಮೈನ್ ನೀರಿನಲ್ಲಿ ಕರಗುತ್ತದೆ, ವಾಸನೆಯೂ ಹೋಗುತ್ತದೆ.