ಸ್ಕ್ಯಾನ್ ನಾರ್ಮಲ್, ತಲೆಸುತ್ತು ಮಾತ್ರ ನಿಂತಿಲ್ಲ
ಓದುಗರ ಪ್ರಶ್ನೆಗೆ ಕಿವಿ, ಮೂಗು, ಗಂಟಲು ತಜ್ಞರ ಉತ್ತರ

ಪ್ರಶ್ನೆ: ನನಗೆ 58 ವರ್ಷ. ಮೂರು ವಾರಗಳಿಂದ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದ ಕೂಡಲೇ ಕೋಣೆಯೇ ಗಿರ್ರನೆ ತಿರುಗಿದಂತಾಗುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಮೆದುಳಿನ ಎಂಆರ್‌ಐ ನಾರ್ಮಲ್ ಬಂದಿದೆ. ಕತ್ತಿನ ಎಕ್ಸ್‌ರೇ ನೋಡಿ, ಮೂಳೆ ಸವೆತದಿಂದ ಹೀಗಾಗಿದೆ ಎಂದು ಕಾಲರ್ ಹಾಕಿಸಿ ಮಾತ್ರೆ ಕೊಟ್ಟಿದ್ದಾರೆ. ಇನ್ನು ಯಾವ ಸ್ಕ್ಯಾನ್ ಮಾಡಿಸಬೇಕು?

ಉತ್ತರ: ಇನ್ನು ಯಾವ ಸ್ಕ್ಯಾನೂ ಬೇಡ. ತಲೆಸುತ್ತಿನ ಬಗ್ಗೆ ನನಗೆ ಬರುವ ಹೆಚ್ಚಿನ ಪತ್ರಗಳ ಜೊತೆ ಸ್ಕ್ಯಾನ್ ವರದಿ ಇರುತ್ತದೆ. ಆದರೆ ರೋಗಿಯನ್ನು ಮಂಚದ ಮೇಲೆ ಮಲಗಿಸಿ ಕಣ್ಣು ನೋಡಿದರು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಇದು ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಬೇಸರವಾದ್ದರಿಂದ ಈ ಸಲ ಇದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ನೀವು ವಿವರಿಸಿರುವುದು ಒಳಕಿವಿಯ ಹರಳು ಜಾರಿ ಬರುವ ತಲೆಸುತ್ತಿನ ಲಕ್ಷಣ. ವೈದ್ಯರು ಇದನ್ನು ಬಿಪಿಪಿವಿ ಎನ್ನುತ್ತಾರೆ. ಒಳಕಿವಿಯಲ್ಲಿ ಗುರುತ್ವಾಕರ್ಷಣೆಯನ್ನು ಗ್ರಹಿಸುವ ಭಾಗದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳಿರುತ್ತವೆ. ಅವುಗಳಲ್ಲಿ ಕೆಲವು ಕಳಚಿಕೊಂಡು ಅರ್ಧವೃತ್ತಾಕಾರದ ನಾಳಗಳಲ್ಲಿ ಒಂದಕ್ಕೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಸೇರಿಬಿಟ್ಟರೆ, ನೀವು ಹೊರಳಿದಾಗ ಅವು ನಾಳದೊಳಗಿನ ದ್ರವವನ್ನೂ ಎಳೆದುಕೊಂಡು ಜಾರುತ್ತವೆ, ಮತ್ತು ತಲೆ ನಿಂತ ಮೇಲೂ ಅದು ತಿರುಗುತ್ತಲೇ ಇದೆ ಎಂಬ ಸುಳ್ಳು ಸುದ್ದಿ ಮೆದುಳಿಗೆ ಹೋಗುತ್ತದೆ. ಹರಳು ತಳ ಸೇರಿದ ಮೇಲೆ ಸುತ್ತು ಇಳಿಯುತ್ತದೆ. ನಿಮ್ಮ ಅರ್ಧ ನಿಮಿಷದ ಲೆಕ್ಕ ಬಂದದ್ದು ಹೀಗೆ. ಈ ಹರಳುಗಳು ಎಂಆರ್‌ಐಯಲ್ಲಿ ಕಾಣುವುದಿಲ್ಲ. ಕಾಣದ ವಸ್ತುವನ್ನು ಹುಡುಕಲು ಮಾಡಿಸಿದ ಪರೀಕ್ಷೆ ನಾರ್ಮಲ್ ಬಂದರೆ ಅದರಿಂದ ನಿಮ್ಮ ಕಾಯಿಲೆಯ ಬಗ್ಗೆ ಏನೂ ತಿಳಿದಂತಾಗಲಿಲ್ಲ.

ಬೇಕಾದ ಪರೀಕ್ಷೆಯನ್ನು ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲೇ ವಿವರಿಸಿದ್ದಾರೆ. ಕುಳಿತ ರೋಗಿಯ ತಲೆಯನ್ನು 45 ಡಿಗ್ರಿ ಒಂದು ಬದಿಗೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಕ್ಕೆ ಇಳಿಯುವಂತೆ ಬೇಗನೆ ಮಲಗಿಸಿ, ಕಣ್ಣು ತೆರೆದಿಡುವಂತೆ ಹೇಳಿ ಕಾಯಬೇಕು. ಈ ಕಾಯುವಿಕೆಯೇ ಪರೀಕ್ಷೆಯ ಜೀವಾಳ. ನಾಲ್ಕು ಸ್ಕ್ಯಾನ್ ಮುಗಿಸಿ ಬಂದಿದ್ದ ಹಿರಿಯರೊಬ್ಬರನ್ನು ನಾನು ಹೀಗೆ ಮಲಗಿಸಿದಾಗ ಮೊದಲ ಮೂರು ಸೆಕೆಂಡು ಏನೂ ಆಗಲಿಲ್ಲ. ‘ಏನಿಲ್ಲ ಡಾಕ್ಟ್ರೇ’ ಎನ್ನುತ್ತಿದ್ದವರು ಹಠಾತ್ತನೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣುಗುಡ್ಡೆಗಳು ಮೇಲಕ್ಕೆ ಮಿಡಿಯುತ್ತಾ, ಕೆಳಗಿದ್ದ ಕಿವಿಯ ಕಡೆಗೆ ತಿರುಚಿಕೊಳ್ಳುತ್ತಾ ರಭಸವೇರಿಸಿ, ಇಪ್ಪತ್ತು ಸೆಕೆಂಡಿನಲ್ಲಿ ತಣ್ಣಗಾದವು. ಎದ್ದು ಕೂರಿಸಿದಾಗ ಅದೇ ಚಲನೆ ತಿರುವುಮುರುವಾಗಿ ಬಂತು. ತಡವಾಗಿ ಶುರುವಾಗಿ, ಏರಿ, ಒಂದು ನಿಮಿಷದೊಳಗೆ ಇಳಿಯುವ ಈ ಕಣ್ಣಿನ ಚಲನೆಯೇ ರೋಗನಿರ್ಣಯ. ಮೂರೇ ಸೆಕೆಂಡಿಗೆ ರೋಗಿಯನ್ನು ಎಬ್ಬಿಸಿ ‘ನೆಗೆಟಿವ್’ ಎಂದು ಬರೆಯುವವರು ಪರೀಕ್ಷೆಯನ್ನು ಮಾಡಿಯೇ ಇಲ್ಲ.

ಹಾಗೆಂದು ಈ ಪರೀಕ್ಷೆ ದೋಷರಹಿತವೇನಲ್ಲ. ಸಂಶೋಧನೆಯಲ್ಲಿ ಯಾವುದೇ ಪರೀಕ್ಷೆಯ ನಿಖರತೆಯನ್ನು ಅದಕ್ಕಿಂತ ಖಚಿತವಾದ ಇನ್ನೊಂದು ಪರೀಕ್ಷೆಯೊಡನೆ ಹೋಲಿಸಿ ಅಳೆಯುತ್ತಾರೆ. ಇಲ್ಲಿ ಅಂಥ ಇನ್ನೊಂದು ಪರೀಕ್ಷೆ ಇಲ್ಲದಿರುವುದರಿಂದ, ಇದಕ್ಕೆ ಶೇಕಡಾವಾರು ಅಂಕ ಕೊಡುವವರ ಮಾತನ್ನು ನಾನು ಎಚ್ಚರದಿಂದಲೇ ಓದುತ್ತೇನೆ. ಒಮ್ಮೆ ನೆಗೆಟಿವ್ ಬಂದರೂ ಕಥೆ ಹೊಂದುತ್ತಿದ್ದರೆ ಬೇರೊಂದು ದಿನ ಮತ್ತೆ ಮಾಡಬೇಕು, ಪಕ್ಕದ ನಾಳಕ್ಕಾಗಿ ಮಲಗಿಸಿ ತಲೆಯನ್ನು ಎರಡೂ ಬದಿಗೆ ಹೊರಳಿಸುವ ಪರೀಕ್ಷೆಯನ್ನೂ ಮಾಡಬೇಕು. ಪಾಸಿಟಿವ್ ಬಂದರೆ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಂತೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳುಗಳನ್ನು ಅವು ಬಂದ ಕಡೆಗೇ ಸಾಗಿಸಬಹುದು. ವಿಡಿಯೊ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಮೊದಲ ಸಲ ಬೇಡ. ಯಾವ ಕಿವಿ, ಯಾವ ನಾಳ ಎಂದು ಗೊತ್ತಿಲ್ಲದೆ ತಲೆ ತಿರುಗಿಸಿದರೆ ಪ್ರಯೋಜನವಿಲ್ಲ, ಕೆಲವೊಮ್ಮೆ ಹರಳು ಇನ್ನೊಂದು ನಾಳಕ್ಕೆ ಹೋಗುತ್ತದೆ. ನಾನು ಈ ವಿಷಯದಲ್ಲಿ ಕೊಂಚ ಹೆಚ್ಚೇ ಎಚ್ಚರ ವಹಿಸುವವನು.

ಕತ್ತಿನ ಕಾಲರನ್ನು ತೆಗೆದಿಡುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಈ ವಯಸ್ಸಿನಲ್ಲಿ ತಲೆಸುತ್ತೇ ಇಲ್ಲದವರ ಎಕ್ಸ್‌ರೇಯಲ್ಲೂ ಸವೆತ ಕಾಣುತ್ತದೆ, ಕಂಡದ್ದೆಲ್ಲ ಕಾರಣವಾಗುವುದಿಲ್ಲ. ತಲೆಸುತ್ತಿನ ಮಾತ್ರೆಗಳು ವಾಂತಿ, ಸಂಕಟವನ್ನು ತಗ್ಗಿಸಬಹುದೇ ಹೊರತು ಹರಳನ್ನು ಕದಲಿಸಲಾರವು. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ, ಬೇರೆ ಲಕ್ಷಣಗಳಿಲ್ಲದ ಇಂಥ ರೋಗಿಗೆ ಸ್ಕ್ಯಾನನ್ನಾಗಲಿ ಈ ಮಾತ್ರೆಗಳನ್ನಾಗಲಿ ರೂಢಿಯಂತೆ ಬರೆಯಬಾರದು ಎನ್ನುತ್ತದೆ. ಕಿವಿಯೊಳಗೆ ಬಿಸಿ ಎಣ್ಣೆ ಬಿಟ್ಟು ‘ನರ ಸಡಿಲಿಸುತ್ತೇನೆ’ ಎನ್ನುವವರ ಹತ್ತಿರ ದಯವಿಟ್ಟು ಸುಳಿಯಬೇಡಿ. ತಮಟೆ ತೂತಾದ ಕಿವಿಗೆ ಎಣ್ಣೆ ಹೋದರೆ ಆಗುವ ಹಾನಿಯನ್ನು ಸರಿಪಡಿಸಲು ಅವರು ಬರುವುದಿಲ್ಲ.

ಇಷ್ಟು ಓದಿ ತಲೆಸುತ್ತಿಗೆ ಸ್ಕ್ಯಾನ್ ಎಂದೂ ಬೇಡವೆಂದು ತಿಳಿದರೆ ಅದು ಇನ್ನೂ ದೊಡ್ಡ ತಪ್ಪು. ಗಂಟೆಗಟ್ಟಲೆ, ದಿನಗಟ್ಟಲೆ ಬಿಡದೆ ಸುತ್ತುತ್ತಿದ್ದರೆ, ನಡೆಯಲಾಗದಿದ್ದರೆ, ಮಾತು ತೊದಲಿದರೆ, ಎರಡೆರಡು ಕಂಡರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು. ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಅಲ್ಲಿಯೂ ಕಣ್ಣಿನ ಪರೀಕ್ಷೆಗೆ ಬೆಲೆಯಿದೆ. ಪಾರ್ಶ್ವವಾಯುವಿನ ಅಪಾಯವಿದ್ದ, ಬಿಡದ ತಲೆಸುತ್ತಿನ 101 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ‘ಹಿಂಟ್ಸ್’ ಎಂಬ ಮೂರು ಹಂತಗಳ ಕಣ್ಣಿನ ಪರೀಕ್ಷೆ ಒಂದು ಪಾರ್ಶ್ವವಾಯುವನ್ನೂ ಬಿಡದೆ ಗುರುತಿಸಿತು. ಮೊದಲ ಎಂಆರ್‌ಐ ಶೇ 12ರಷ್ಟು ಪಾರ್ಶ್ವವಾಯುಗಳನ್ನು ಗುರುತಿಸದೆ ಬಿಟ್ಟಿತ್ತು. ಆದರೆ ಅಲ್ಲಿ ಕಣ್ಣು ನೋಡಿದವರು ಅದರಲ್ಲೇ ಪಳಗಿದ ತಜ್ಞರು. ತರಬೇತಿಯಿಲ್ಲದವರ ಕೈಯಲ್ಲಿ ಅದೇ ಫಲಿತಾಂಶ ಬರುವುದಿಲ್ಲ, ಮತ್ತು ನಿಮ್ಮಂತೆ ಬಂದು ಹೋಗುವ ತಲೆಸುತ್ತಿಗೆ ಹಿಂಟ್ಸ್ ಅನ್ವಯಿಸುವುದೇ ಇಲ್ಲ.

ಪ್ರಶ್ನೆ: ಸೈನಸ್ ತಲೆನೋವಿಗೆ ಸಿಟಿ ಸ್ಕ್ಯಾನ್ ಬೇಕೇ?

ಉತ್ತರ: ಅದು ಸೈನಸ್ ತಲೆನೋವು ಎಂದು ತೀರ್ಮಾನಿಸಿದವರು ಯಾರು? ತಮಗೆ ಸೈನಸ್ ತಲೆನೋವಿದೆ ಎಂದುಕೊಂಡಿದ್ದ ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 88 ಮಂದಿಯ ನೋವು ಮೈಗ್ರೇನ್ ಬಗೆಯದಾಗಿತ್ತು. ಕೀವಿನಂಥ ಸಿಂಬಳ, ಮೂಗು ಕಟ್ಟುವಿಕೆ ಇಲ್ಲದಿದ್ದರೆ ಮೊದಲು ಮೈಗ್ರೇನ್ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಸಿಂಬಳ ಹಸಿರಾಗಿದೆ, ಆ್ಯಂಟಿಬಯೋಟಿಕ್ ಶುರುಮಾಡಲೇ?

ಉತ್ತರ: ಬಣ್ಣವೊಂದನ್ನೇ ನೋಡಿ ಬೇಡ.

ಪ್ರಶ್ನೆ: ಕಿವಿಯಲ್ಲಿ ಮೇಣದ ಕೊಳವೆ ಉರಿಸಿದರೆ ಗುಗ್ಗೆ ಹೊರಬರುತ್ತದೆಯೇ?

ಉತ್ತರ: ಕೊಳವೆಯಲ್ಲಿ ಉಳಿಯುವುದು ಅದರದೇ ಮೇಣ, ನಿಮಗೆ ಉಳಿಯುವುದು ಸುಟ್ಟ ಗಾಯ.

ಪ್ರಶ್ನೆ: ಬೆಳಗ್ಗೆ ಎದ್ದಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ನೆಗಡಿಯಿಂದ ಕಟ್ಟಿರಬೇಕು ಎಂದು ಹನಿ ಹಾಕುತ್ತಿದ್ದೇನೆ. ಹದಿನಾರು ದಿನವಾಯಿತು.

ಉತ್ತರ: ದಿನಗಳ ಲೆಕ್ಕ ಓದಿ ನನಗೆ ಸಂಕಟವಾಯಿತು. ಮೂರು ದಿನದೊಳಗೆ ಹಠಾತ್ತನೆ ಕಿವುಡಾಗುವುದು ನರದ ತೊಂದರೆಯಾಗಿರಬಹುದು, ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆಯನ್ನು ಮೊದಲ ಎರಡು ವಾರಗಳಲ್ಲಿ ಆರಂಭಿಸುವುದು ಉತ್ತಮ. ಬಡಿದರೆ ನಾದ ಹೊಮ್ಮಿಸುವ ಲೋಹದ ಶ್ರುತಿಕವೆಯನ್ನು ಹಣೆಯ ನಡುವೆ ಇಟ್ಟು ನೋಡಿದರೆ, ಕಿವಿ ಬರೀ ಕಟ್ಟಿದ್ದಾಗ ಸದ್ದು ಕಟ್ಟಿದ ಕಿವಿಯ ಕಡೆಗೂ, ನರ ಕೆಟ್ಟಿದ್ದಾಗ ಒಳ್ಳೆಯ ಕಿವಿಯ ಕಡೆಗೂ ಸರಿಯುತ್ತದೆ. ವೈದ್ಯರಿಗೆ ಇದು ಒಂದು ನಿಮಿಷದ ಕೆಲಸ, ಆಡಿಯೋಗ್ರಾಂ ಎಂಬ ಶ್ರವಣ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಎರಡು ವಾರ ದಾಟಿತೆಂದು ಕೈಚೆಲ್ಲಬೇಡಿ. ಎರಡರಿಂದ ಆರು ವಾರಗಳ ನಡುವೆ ತಮಟೆಯ ಮೂಲಕ ನಡುಗಿವಿಗೆ ಸ್ಟೀರಾಯ್ಡ್ ಚುಚ್ಚುವ ಅವಕಾಶ ಇನ್ನೂ ಇರುತ್ತದೆ. ಹನಿ ನಿಲ್ಲಿಸಿ, ಇವತ್ತೇ ಹೋಗಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ.